ಒಂದು ಮಾತ್ರೆ ನಾಟದಿದ್ದರೆ ಎರಡು ನುಂಗಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. 15 ವರ್ಷದಿಂದ ದಿನಾ ರಾತ್ರಿ ಕುಡಿಯುತ್ತಾರೆ. ನಿದ್ರೆಗೆ ಕೊಟ್ಟ ಝೋಲ್ಪಿಡೆಮ್ 10 ಮಿ.ಗ್ರಾಂ. ನಾಟುತ್ತಿಲ್ಲವೆಂದು ಈಗ ಎರಡು ನುಂಗುತ್ತಾರೆ. ಕುಡಿದು ಮೂರು ಗಂಟೆ ಬಿಟ್ಟು ತೆಗೆದುಕೊಂಡರೆ ತೊಂದರೆಯಿಲ್ಲವೆಂಬುದು ಅವರ ವಾದ.

ಉತ್ತರ: ಆ ವಾದ ತಪ್ಪು. ಲಿವರ್ ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲ್. 180 ಮಿ.ಲೀ. ವಿಸ್ಕಿಯಲ್ಲಿ 57 ಗ್ರಾಂನಷ್ಟಿರುತ್ತದೆ. ಅದು ಇಳಿಯಲು ಆರೇಳು ಗಂಟೆಯಾದರೂ ಬೇಕು.

ಮದ್ಯವೂ ಝೋಲ್ಪಿಡೆಮ್, ಆಲ್ಪ್ರಜೋಲಂ, ಡಯಾಜೆಪಾಂನಂಥ ಮಂಪರು ತರಿಸುವ ಮಾತ್ರೆಗಳೂ ಮಿದುಳಿನಲ್ಲಿ ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ ಗ್ರಾಹಕಗಳ ಮೇಲೆಯೇ ಕೆಲಸ ಮಾಡುತ್ತವೆ. ವರ್ಷಗಟ್ಟಲೆ ಕುಡಿದವರಲ್ಲಿ ಈ ಗ್ರಾಹಕಗಳು ಮಂದವಾಗಿ, ಎಚ್ಚರವನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕ ಬಿರುಸಾಗಿರುತ್ತದೆ. ಮಾತ್ರೆ ನಾಟದಿರುವುದು ಇದರಿಂದಲೇ. ಆದರೆ ದೇಹ ಪಳಗುವುದು ಹೆಚ್ಚಾಗಿ ಮಂಪರಿಗೆ. ಉಸಿರಾಟವನ್ನು ನಡೆಸುವ ಕೇಂದ್ರ ಅಷ್ಟಾಗಿ ಪಳಗುವುದಿಲ್ಲ. ನಿದ್ರೆ ಬರಲಿಲ್ಲವೆಂದು ಇನ್ನೊಂದು ಮಾತ್ರೆ ಸೇರಿಸುವಾಗ ಉಸಿರು ನಿಲ್ಲುವ ಮಟ್ಟ ಹತ್ತಿರವಾಗುತ್ತಿರುತ್ತದೆ. ಗೊರಕೆ ಹೊಡೆಯುವವರಿಗೆ ಅಪಾಯ ಇನ್ನೂ ಹೆಚ್ಚು.

ಲಿವರ್ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ರೋಗ) ಇದ್ದರೆ ಲೆಕ್ಕವೇ ಬೇರೆ. ಸಾಮಾನ್ಯವಾಗಿ ಎರಡೂವರೆ ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುವ ಝೋಲ್ಪಿಡೆಮ್‌ಗೆ ಆಗ ಹತ್ತು ಗಂಟೆಯಷ್ಟು ಹಿಡಿಯಬಹುದು. ಡಯಾಜೆಪಾಂ ಗುಂಪಿನದೇ ಆದ ಲೊರಾಜೆಪಾಂ ಲಿವರ್‌ನಲ್ಲಿ ಕರಗುವ ದಾರಿ ಬೇರೆಯಾದ್ದರಿಂದ ಇಂಥವರಿಗೆ ವೈದ್ಯರು ಅದನ್ನೇ ಆರಿಸುವುದುಂಟು. ಮದ್ಯದ ಜೊತೆ ಅದೂ ಕೂಡದು.

ಇದನ್ನು ಓದಿ ಕುಡಿತವನ್ನೂ ಮಾತ್ರೆಯನ್ನೂ ಒಂದೇ ರಾತ್ರಿಯಲ್ಲಿ ನಿಲ್ಲಿಸಬೇಡಿ, ದಯವಿಟ್ಟು. ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಗೊಂದಲ, ಜ್ವರ, ಇಲ್ಲದ್ದು ಕಾಣುವುದು ಶುರುವಾದರೆ ಪ್ರಾಣಕ್ಕೇ ಕುತ್ತು. ಮನೋವೈದ್ಯರ ಮೇಲ್ವಿಚಾರಣೆಯಲ್ಲಿ ಡಯಾಜೆಪಾಂ ಅಥವಾ ಲೊರಾಜೆಪಾಂ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಜೊತೆಗೆ ಥಯಮಿನ್ (ಬಿ1) ಕೊಡುತ್ತಾರೆ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಎಷ್ಟು ಮಾತ್ರೆ ನುಂಗುತ್ತಾರೆ ಎಂಬುದನ್ನು ಮುಚ್ಚಿಡದೆ ಹೇಳಿ. ಡೋಸ್ ನಿಗದಿಯಾಗುವುದು ಅದರ ಮೇಲೆ. ಮದ್ಯ ಬಿಟ್ಟ ಮೇಲೂ ನಿದ್ರೆ ಹದಕ್ಕೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆ ಅವಧಿಯಲ್ಲೇ ಹಲವರು ಮತ್ತೆ ಬಾಟಲಿ ಹಿಡಿಯುವುದರಿಂದ, ಏಳುವ ಹೊತ್ತನ್ನು ಕಟ್ಟುನಿಟ್ಟಾಗಿಸಿ ಹಾಸಿಗೆಯ ಸಮಯ ಕಡಿಮೆ ಮಾಡುವ ನಿದ್ರಾ ವರ್ತನಾ ಚಿಕಿತ್ಸೆಯನ್ನು ಮೊದಲೇ ಕೇಳಿ ಪಡೆಯಿರಿ.

ಯಾವುದಾದರೂ ರಾತ್ರಿ ಅವರು ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾದರೆ, ತುಟಿ ನೀಲಿಯಾದರೆ ಕೂಡಲೇ ಆಂಬುಲೆನ್ಸ್ ಕರೆಯಿರಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಕಾಫಿ ಕುಡಿಸುವುದು, ವಾಂತಿ ಮಾಡಿಸುವುದು ಬೇಡ. ಮಾತ್ರೆಯ ಸ್ಟ್ರಿಪ್ಪನ್ನು ಆಸ್ಪತ್ರೆಗೆ ಒಯ್ಯಿರಿ.