ಮೊಮ್ಮಗ ಸೊಸೆಯ ಹತ್ತಿರ ಹೋಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರಮ್ಮನಿಗೆ ನಮಸ್ಕಾರ. ನಾವು ಹೊಸನಗರದ ಹತ್ತಿರದ ಹಳ್ಳಿಯವರು. ಮಗ, ಸೊಸೆ ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ. ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ನನ್ನ ಹತ್ತಿರ ಬಿಟ್ಟರು. ಈಗ ಅವನಿಗೆ ಹನ್ನೊಂದು ತಿಂಗಳು. ದೀಪಾವಳಿ ಕಳೆದ ಮೇಲೆ ಕರೆದುಕೊಂಡು ಹೋಗಿ ಡೇ ಕೇರ್‌ಗೆ ಸೇರಿಸುತ್ತಾರಂತೆ. ಹೋದ ವಾರ ಸೊಸೆ ಬಂದಾಗ ಅವಳ ಹತ್ತಿರ ಹೋಗಲೇ ಇಲ್ಲ, ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಹಿತ್ತಲಿಗೆ ಹೋಗಿ ಅತ್ತಳು. ಎತ್ತಿ ಎತ್ತಿ ರೂಢಿ ಮಾಡಿದ್ದೀಯ, ಈಗಿಂದಲೇ ಎತ್ತಿಕೊಳ್ಳೋದು ಕಡಿಮೆ ಮಾಡು ಅಂತ ನನ್ನ ನಾದಿನಿ ಹೇಳುತ್ತಾಳೆ. ಹಾಗೆ ಮಾಡಲಾ?

ಉತ್ತರ: ಬೇಡಮ್ಮ. ದಯವಿಟ್ಟು ಹಾಗೆ ಮಾಡಬೇಡಿ. ಅಮ್ಮ ದಿನಾ ಕಾಣುವುದಿಲ್ಲ. ಈಗ ಅಜ್ಜಿಯೂ ದೂರವಾದರೆ ಅವನು ಯಾರನ್ನು ಹಿಡಿದುಕೊಳ್ಳಬೇಕು?

ಮೊದಲು ಸೊಸೆಗೆ ಒಂದು ಮಾತು ಹೇಳಿ. ಎರಡು ತಿಂಗಳ ಪಾಪು ಯಾರು ಮಾತಾಡಿಸಿದರೂ ನಗುತ್ತದೆ. ಆರೇಳು ತಿಂಗಳಿಗೆ ಹಾಗಲ್ಲ, ತನ್ನವರು ಯಾರು ಅಂತ ಆರಿಸಿಕೊಳ್ಳಲು ಶುರು ಮಾಡುತ್ತದೆ. ಕಾನೂನು ಕೊಡುವ ಹೆರಿಗೆ ರಜೆ 26 ವಾರ, ಸರಿಯಾಗಿ ಅದೇ ಹೊತ್ತಿಗೆ ಮುಗಿಯುತ್ತದೆ. ಮಗು ಆರಿಸಿಕೊಳ್ಳುವಾಗ ಎದುರಿಗೆ ಇದ್ದವರು ನೀವು. ಅಮ್ಮನ ಮೇಲೆ ಅವನಿಗೆ ಸಿಟ್ಟೂ ಇಲ್ಲ, ಅವಳು ಬೇಡ ಅಂತಲೂ ಇಲ್ಲ. ಈ ವಯಸ್ಸಿನಲ್ಲಿ ಹೊಸ ಮುಖ ಕಂಡರೆ ಹೆದರುವುದು, ತನ್ನವರು ಎದ್ದು ಹೋದರೆ ಅಳುವುದು ಒಳ್ಳೆಯ ಲಕ್ಷಣ. ದುರ್ಗಿಗುಡಿಯ ನನ್ನ ಕ್ಲಿನಿಕ್‌ನಲ್ಲಿ ಎಂಟರಿಂದ ಹದಿನೆಂಟು ತಿಂಗಳ ಮಕ್ಕಳನ್ನು ನಾನು ಮೇಜಿನ ಮೇಲೆ ಮಲಗಿಸುವುದೇ ಇಲ್ಲ, ಅವರವರ ಮನೆಯವರ ತೊಡೆಯ ಮೇಲೇ ಕೂರಿಸಿ ನೋಡುತ್ತೇನೆ.

ಎತ್ತಿಕೊಂಡರೆ ಮಗು ಕೆಡುತ್ತದೆ ಅನ್ನುವ ಮಾತು ನಮ್ಮ ಕಡೆ ಜಾಸ್ತಿ. ಅದು ಸರಿಯಲ್ಲ. ಅಮೆರಿಕದಲ್ಲಿ ಮೇರಿ ಐನ್ಸ್‌ವರ್ತ್ ಮತ್ತು ಸಿಲ್ವಿಯಾ ಬೆಲ್ ಮನೆಮನೆಗೆ ಹೋಗಿ ಶಿಶುಗಳನ್ನು ಗಮನಿಸಿ 1972ರಲ್ಲಿ ಬರೆದರು: ಅತ್ತಾಗ ಬೇಗ ಬಂದು ನೋಡಿದ ಅಮ್ಮಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದರು. ಇದೇ ಐನ್ಸ್‌ವರ್ತ್ ಅದಕ್ಕೂ ಮೊದಲು, 1950ರ ದಶಕದಲ್ಲಿ, ಉಗಾಂಡಾದ ಹಳ್ಳಿಗಳಲ್ಲಿ ಕೂತು ನೋಡಿದ್ದರು. ಅಂಬೆಗಾಲಿಡುವ ಮಗು ಅಮ್ಮನಿಂದ ಸ್ವಲ್ಪ ದೂರ ಹೋಗುತ್ತದೆ, ತಿರುಗಿ ನೋಡುತ್ತದೆ, ಅವಳು ಇದ್ದಾಳೆ ಅಂತ ಗೊತ್ತಾದರೆ ಇನ್ನಷ್ಟು ದೂರ ಹೋಗುತ್ತದೆ. ನಿಮ್ಮ ಜಗಲಿಯಲ್ಲೂ ಇದನ್ನು ನೋಡಿರುತ್ತೀರಿ ಅಲ್ವಾ?

ನಿಮ್ಮ ಸಮಸ್ಯೆಗೆ ದಾರಿ ಇಲ್ಲೇ ಇದೆ. ನೀವು ಕಣ್ಣಳತೆಯಲ್ಲಿ ಇದ್ದರೆ ಮಾತ್ರ ಅವನು ಧೈರ್ಯವಾಗಿ ಅಮ್ಮನ ಕಡೆ ಹೋಗುತ್ತಾನೆ. ಹಬ್ಬಕ್ಕೆ ಸೊಸೆ ಸ್ವಲ್ಪ ಮೊದಲೇ ರಜೆ ಹಾಕಿ ಬರಲಿ. ಬಂದ ಕೂಡಲೇ ಕೈಚಾಚಿ ಎಳೆದುಕೊಳ್ಳುವುದು ಬೇಡ. ನಿಮ್ಮ ಪಕ್ಕ ಸುಮ್ನೆ ಕೂತು ನಿಮ್ಮ ಜೊತೆ ಮಾತಾಡಲಿ, ಮಗು ತಾನೇ ಬಂದು ಬಳೆ ಮುಟ್ಟಿ ನೋಡುವವರೆಗೆ. ಮಗುವಿಗೆ ಎರೆಯುವಾಗ ಮೊದಲ ದಿನ ನೀವು ಕಾಲು ಚಾಚಿ ಮಲಗಿಸಿಕೊಳ್ಳಿ, ಅವಳು ಹಂಡೆಯಿಂದ ನೀರು ತೋಡಿ ಕೊಡಲಿ. ಅವನು ಒಗ್ಗಿದ ಮೇಲೆ ಅವಳು ಕಾಲು ಚಾಚಲಿ, ನೀವು ನೀರು ಕೊಡಿ. ಊಟ ಮಾಡಿಸುವುದು, ಮಲಗಿಸುವುದು ಎಲ್ಲ ಹೀಗೇ. ನೀವು ಹೇಳುವ ಜೋಗುಳವನ್ನೇ ಅವಳೂ ಕಲಿಯಲಿ.

ಆಮೇಲೆ ನೀವೂ ಅವರ ಜೊತೆ ಬೆಂಗಳೂರಿಗೆ ಹೋಗಿ. ಕೊಯ್ಲಿನ ಹೊತ್ತಿಗೆ ಮನೆ ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ನಾನೂ ಅಡಿಕೆ ತೋಟದ ಮನೆಯಲ್ಲೇ ಬೆಳೆದವಳು. ಕೊನೆ ಕೊಯ್ಯುವವರು ಸಿಗುವುದೇ ಆಗ, ಸುಲಿಯುವವರಿಗೆ ಕಾಫಿ, ತಿಂಡಿ ಆಗಬೇಕು. ಆದರೂ ಹೇಳುತ್ತೇನೆ, ಈ ವರ್ಷ ಅದನ್ನು ಯಜಮಾನರು, ನಾದಿನಿ ಸೇರಿ ನೋಡಿಕೊಳ್ಳಲಿ. ಹೊಸ ಮನೆ, ಹೊಸ ಡೇ ಕೇರ್, ಅಜ್ಜಿ ಇಲ್ಲ, ಮೂರೂ ಒಂದೇ ವಾರದಲ್ಲಿ ಬಂದರೆ ಹನ್ನೊಂದು ತಿಂಗಳ ಜೀವಕ್ಕೆ ತುಂಬಾ ಜಾಸ್ತಿ. ಡೇ ಕೇರ್‌ಗೆ ಮೊದಲು ಒಂದು ಗಂಟೆ, ಅದೂ ಮನೆಯವರ ಜೊತೆ. ನಿಮ್ಮ ಹಳೇ ಸೀರೆಯ ಕೌದಿ ಇದ್ದರೆ ಒಗೆಯದೆ ಹಾಗೇ ಕಳಿಸಿ, ವಾಸನೆ ಗುರುತು ಸಿಗುತ್ತದೆ. ನೀವು ಊರಿಗೆ ಹೊರಡುವ ದಿನ ಅವನು ಮಲಗಿದಾಗ ಕದ್ದು ಬರಬೇಡಿ. ಹೇಳಿ, ಮುದ್ದು ಮಾಡಿ, ಅಮ್ಮನ ಕೈಗೆ ಕೊಟ್ಟು ಬನ್ನಿ. ಅಳುತ್ತಾನೆ. ಅಳಲಿ, ಅಮ್ಮ ಎತ್ತಿಕೊಂಡು ಸಮಾಧಾನ ಮಾಡುತ್ತಾಳೆ.

ನಿಮಗೂ ಕಷ್ಟವಾಗುತ್ತದೆ ಅಂತ ಗೊತ್ತು. ಅವನು ನಿಮ್ಮನ್ನು ಬಿಟ್ಟು ಅಮ್ಮನನ್ನು ಹಿಡಿಯಬೇಕು ಅಂತೇನಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶಾಫರ್, ಎಮರ್ಸನ್ ಎಂಬಿಬ್ಬರು 60 ಶಿಶುಗಳನ್ನು ಗಮನಿಸಿ 1964ರಲ್ಲಿ ವರದಿ ಕೊಟ್ಟರು. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಜಾಸ್ತಿ ಜನರನ್ನು ಹೀಗೆ ಹಚ್ಚಿಕೊಂಡಿದ್ದರು. ಅವರಲ್ಲಿ ಅಜ್ಜಿಯರೂ ಇದ್ದರು.

ಪ್ರಶ್ನೆ: ನಾನು ಸಾಗರದವನು. ಮಗಳಿಗೆ ಎರಡು ತಿಂಗಳು. ಹಾಲು ಕುಡಿಸುವುದು ಅಮ್ಮ, ಹಾಗಾಗಿ ಮಗು ಅವಳನ್ನೇ ಹಚ್ಚಿಕೊಳ್ಳುವುದು ಅಂತ ಮನೆಯಲ್ಲಿ ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಮೇಲೆ ಹೇಳಿದ ಗ್ಲಾಸ್ಗೋ ಅಧ್ಯಯನದಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ಮಕ್ಕಳು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದು ಹಾಲು ಕೊಟ್ಟು ಸ್ನಾನ ಮಾಡಿಸುವವರನ್ನಲ್ಲ. ಕರೆದಾಗ ಓಗೊಡುವವರು, ಆಡಿಸುವವರು ಮಗುವಿಗೆ ಮುಖ್ಯ. ಕೆಲಸದಿಂದ ಬಂದು ಕೈಕಾಲು ತೊಳೆದು ಎತ್ತಿಕೊಳ್ಳಿ. ಅವಳು 'ಊಂ' ಅಂದರೆ ನೀವೂ 'ಊಂ' ಅನ್ನಿ, ನಿಂತು ಅವಳ ಉತ್ತರಕ್ಕೆ ಕಾಯಿರಿ. ರಾತ್ರಿ ಬಟ್ಟೆ ಬದಲಾಯಿಸುವ ಕೆಲಸ ನಿಮ್ಮದಾಗಲಿ. ಬಾಣಂತಿಗೂ ಒಂದಿಷ್ಟು ನಿದ್ದೆ ಸಿಗುತ್ತದೆ.