ಸೆಲ್ಲಾರ್ ಗೋಡೆಗೆ ಮೂರನೇ ಸಲ ಪೇಂಟ್ ಹೊಡೆಸುವ ಮೊದಲು

ಪ್ರಶ್ನೆ: ನಮ್ಮದು ಕೋಲಾರ. ಕೆರೆಯಿಂದ ಸ್ವಲ್ಪ ದೂರದಲ್ಲಿ 2013ರಲ್ಲಿ ಮನೆ ಕಟ್ಟಿಸಿದೆವು. ಕೆಳಗೆ ಸೆಲ್ಲಾರ್ ಇದೆ. ಬೈಕು, ರಾಗಿ ಮೂಟೆ, ಹಳೇ ಸಾಮಾನು ಎಲ್ಲಾ ಅಲ್ಲೇ. ಮೊದಲು ಒಂದು ಹನಿ ನೀರೂ ಇರಲಿಲ್ಲ. ಈಗ ಮೂರ್ನಾಲ್ಕು ವರ್ಷದಿಂದ ಗೋಡೆ ಬುಡ ಒದ್ದೆ. ಮಳೆ ಬಂದರೆ ನೀರೇ ನಿಲ್ಲುತ್ತದೆ. ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆವು, ಎರಡೂ ಸಲ ಸಿಪ್ಪೆ ಎದ್ದು ಬಂತು. ಹೋದ ತಿಂಗಳು ಎರಡು ಮೂಟೆ ರಾಗಿ ಬೂಸ್ಟು ಹಿಡಿಯಿತು. ಏನು ಮಾಡೋದು?

ಉತ್ತರ: ರಾಗಿ ಹಾಳಾದದ್ದು ಓದಿ ಬೇಜಾರಾಯಿತು. ಉಳಿದ ಮೂಟೆಗಳನ್ನು ಇವತ್ತೇ ಮೇಲಕ್ಕೆ ಸಾಗಿಸಿ. ಬೂಸ್ಟು ಹಿಡಿದದ್ದನ್ನು ದನಕ್ಕೂ ಹಾಕಬೇಡಿ.

ಪೇಂಟ್ ಎದ್ದು ಬಂದದ್ದು ಪೇಂಟಿನ ತಪ್ಪಲ್ಲ. ನೀರು ಇರುವುದು ಗೋಡೆಯ ಆಚೆ, ನೀವು ಬಳಿದದ್ದು ಈಚೆ. ಗೋಡೆಯ ಹಿಂದೆ ಮೂರು ಅಡಿ ನೀರು ನಿಂತರೆ ಬುಡದಲ್ಲಿ ಪ್ರತಿ ಚದರ ಅಡಿಗೆ ಸುಮಾರು 85 ಕೆ.ಜಿ. ಭಾರದಷ್ಟು ಒತ್ತಡ ಬೀಳುತ್ತದೆ. ಅದನ್ನು ಬಣ್ಣದ ಪದರ ತಡೆಯುತ್ತಾ? ಹಾಗಾಗಿ ಮೂರನೇ ಸಲ ದುಡ್ಡು ಹಾಕಬೇಡಿ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಲಿ.

ಶುರು ಸಂಪಿನಿಂದ ಮಾಡಿ. ನಮ್ಮ ಕಡೆ ಸೈಟು ಚಿಕ್ಕದು, ಸಂಪು ಸೆಲ್ಲಾರ್ ಗೋಡೆಗೆ ಅಂಟಿಕೊಂಡೇ ಇರುತ್ತದೆ. ರಾತ್ರಿ ಸಂಪು ತುಂಬಿಸಿ, ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ ಬಿಡಿ. ನೀರಿನ ಮಟ್ಟಕ್ಕೆ ಒಳಗೋಡೆ ಮೇಲೆ ಮೊಳೆಯಿಂದ ಒಂದು ಗೀರು ಎಳೆಯಿರಿ. ಮಾರನೇ ದಿನ ಅದೇ ಹೊತ್ತಿಗೆ ನೋಡಿ. ಒಂದು ಬೆರಳು ಇಳಿದಿದ್ದರೂ ಸಂಪು ಸೋರುತ್ತಿದೆ. ಚಿಕ್ಕಬಳ್ಳಾಪುರದ ಒಂದು ಮನೆಯಲ್ಲಿ ಸೆಲ್ಲಾರ್ ನೆಲವನ್ನೆಲ್ಲ ಒಡೆದು ಹೊಸದಾಗಿ ಹಾಕಿದ್ದರು. ಆಮೇಲೆ ನೋಡಿದರೆ, ಸಂಪಿನ ಗೋಡೆಯಲ್ಲಿ ಪೈಪ್ ತೂರಿಸಿದ ಜಾಗದ ಸುತ್ತ ಕೂದಲೆಳೆಯಷ್ಟು ಬಿರುಕು. ಅಷ್ಟೇ. ಅರ್ಧ ದಿನದ ಕೆಲಸ. ಇನ್ನು ಮಟ್ಟ ಇಳಿಯುವ ಬದಲು ತಾನಾಗಿಯೇ ಏರಿದರೆ ಹೊರಗಿನ ನೀರು ಸಂಪಿಗೆ ನುಗ್ಗುತ್ತಿದೆ ಅಂತ ಅರ್ಥ. ಆ ನೀರು ಕುಡಿಯಬೇಡಿ. ಸೆಲ್ಲಾರಿನಲ್ಲಿ ಕೆಟ್ಟ ವಾಸನೆಯೂ ಇದ್ದರೆ ಚರಂಡಿ ಪೈಪ್ ನೋಡಿಸಿ.

ಗೋಡೆಗೆ ಎರಡು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಕೂತರೆ ನೀರು ಗೋಡೆಯಿಂದಲೇ ಬರುತ್ತಿದೆ. ಈಚೆ ಮೈಯಲ್ಲಿ ಕೂತರೆ ಅದು ಒಳಗಿನ ಗಾಳಿಯ ತೇವ, ಗಾಳಿ ಆಡುವಂತೆ ಒಂದು ಫ್ಯಾನ್ ಹಾಕಿಸಿದರೆ ಬಹುಪಾಲು ಸರಿಹೋಗುತ್ತದೆ.

ಸಂಪು ಗಟ್ಟಿಯಾಗಿದ್ದು, ಬೇಸಿಗೆಯಲ್ಲೂ ಬುಡ ಒದ್ದೆ ಇದ್ದರೆ ಅಂತರ್ಜಲದ ಕಡೆ ಅನುಮಾನ ಪಡಬೇಕು. ನೀವು ಮನೆ ಕಟ್ಟಿಸಿದ ಕಾಲ ನೆನಪಿಸಿಕೊಳ್ಳಿ. ಕೆರೆಗಳು ಒಣಗಿದ್ದವು, ಸಾವಿರ ಅಡಿ ಕೊರೆದರೂ ಬೋರ್‌ನಲ್ಲಿ ನೀರಿಲ್ಲ. ನೆಲದ ಕೆಳಗಿನ ನೀರು ಸೆಲ್ಲಾರಿಗೆ ಬರುತ್ತದೆ ಅಂತ ಆಗ ಯಾರು ಯೋಚಿಸಿದ್ದರು? 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುವ ನೀರು, ಕೋಲಾರದ ಕೆರೆಗಳಿಗೆ ಬರಲು ಶುರುವಾಯಿತು. 2021ರ ಮಳೆಗೆ ಎಷ್ಟೋ ಕೆರೆ ಕೋಡಿ ಹರಿದವು. ಜಿಲ್ಲೆಗೆ ಇದು ಸಂತೋಷದ ವಿಷಯ. ಆದರೆ ಒಣ ಕಾಲದಲ್ಲಿ, ಹೊರಗೋಡೆಗೆ ಯಾವ ರಕ್ಷಣೆಯೂ ಇಲ್ಲದೆ ಕಟ್ಟಿದ ಕೆರೆ ಪಕ್ಕದ ಸೆಲ್ಲಾರುಗಳಿಗೆ ಈಗ ಪರೀಕ್ಷೆ.

ಮಳೆಗೆ ಮಾತ್ರ ಜಾಸ್ತಿ ಆಗುವ ಪಾಲನ್ನು ಕಮ್ಮಿ ಖರ್ಚಿನಲ್ಲಿ ನಿಲ್ಲಿಸಬಹುದು. ತಾರಸಿ ಪೈಪಿನ ನೀರು ಗೋಡೆ ಬುಡಕ್ಕೆ ಬೀಳಬಾರದು. ಸುತ್ತಲ ನೆಲ ಮನೆಯಿಂದ ಹೊರಕ್ಕೆ ಇಳಿಜಾರಾಗಿರಲಿ. ರ‍್ಯಾಂಪ್ ಶುರುವಾಗುವ ಕಡೆ ಚಿಕ್ಕ ದಿಬ್ಬ, ಅದರ ಕೆಳಗೆ ಕಬ್ಬಿಣದ ಜಾಲರಿಯ ಮೋರಿ ಮಾಡಿಸಿ. ಇಂಗುಗುಂಡಿ ಗೋಡೆ ಪಕ್ಕದಲ್ಲೇ ಇದ್ದರೆ ಕನಿಷ್ಠ 10–15 ಅಡಿ ಆಚೆ ಹಾಕಿ. ಇಂಗುಗುಂಡಿ ಬೇಕೇ ಬೇಕು, ಆದರೆ ಪಾಯದ ಬುಡದಲ್ಲಿ ಬೇಡ.

ಅಂತರ್ಜಲಕ್ಕೆ ಸರಿಯಾದ ಮದ್ದು ಹೊರಗಿನಿಂದ. ಗೋಡೆ ಪಕ್ಕ ಅಗೆದು, ತೊಳೆದು, ಹೊರಮೈಗೆ ವಾಟರ್‌ಪ್ರೂಫ್ ಪದರ ಹಾಕಿ, ಬುಡದಲ್ಲಿ ಜಲ್ಲಿ ಮತ್ತು ತೂತಿನ ಪೈಪ್ ಇಟ್ಟು ಮುಚ್ಚಬೇಕು. ಉದ್ದಕ್ಕೂ ಒಂದೇ ಸಲ ಅಗೆಯಬೇಡಿ, ಸ್ವಲ್ಪ ಸ್ವಲ್ಪವಾಗಿ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಿದ ಮೇಲೆಯೇ. ಪಕ್ಕದ ಮನೆ ಅಂಟಿಕೊಂಡಿದ್ದರೆ ಇದು ಆಗಲ್ಲ. ಆಗ ಒಳಗಡೆ ಗೋಡೆ ಬುಡದುದ್ದಕ್ಕೂ ಚಿಕ್ಕ ಕಾಲುವೆ ತೆಗೆದು, ಮೂಲೆಯಲ್ಲಿ ಗುಂಡಿ ಮಾಡಿ, ನೀರು ಏರಿದಾಗ ತಾನೇ ಶುರುವಾಗುವ ಫ್ಲೋಟ್ ಸ್ವಿಚ್ಚಿನ ಪಂಪ್ ಇಡಿ. ಮಳೆ ಬಂದಾಗಲೇ ಕರೆಂಟ್ ಹೋಗುವುದು, ಅದಕ್ಕೆ ತಕ್ಕ ಇನ್ವರ್ಟರ್ ಇರಲಿ. ಒಳಗಿನಿಂದ ನೀರಿಗೆ ಅಡ್ಡ ನಿಲ್ಲುವುದಕ್ಕಿಂತ ಹೋಗಲು ದಾರಿ ಮಾಡಿಕೊಡುವುದೇ ನನಗೆ ಸರಿ ಅನಿಸುತ್ತದೆ.

ಇನ್ನೊಂದು ಮಾತು, ಇದನ್ನು ಮನೆಯವರಿಗೆಲ್ಲ ಹೇಳಿ. ನೀರು ನಿಂತ ಸೆಲ್ಲಾರಿಗೆ ಮೇನ್ ಸ್ವಿಚ್ ಆಫ್ ಮಾಡದೆ ಯಾರೂ ಇಳಿಯಬಾರದು. ನೀರಲ್ಲಿ ನಿಂತುಕೊಂಡು ಆ ಸ್ವಿಚ್ ಮುಟ್ಟಲೂಬಾರದು. ಸೆಲ್ಲಾರ್ ಪೂರ್ತಿ ತುಂಬಿದ್ದರೆ ಒಂದೇ ಸಲ ಖಾಲಿ ಮಾಡಬೇಡಿ. ಹೊರಗಿನ ಮಣ್ಣು ನೆನೆದು ಗೋಡೆಯನ್ನು ತಳ್ಳುತ್ತಿರುತ್ತದೆ, ಒಳಗಿನ ನೀರು ಎದುರು ಆಸರೆ ಕೊಟ್ಟಿರುತ್ತದೆ. ದಿನಕ್ಕೆ ಮೂರನೇ ಒಂದು ಪಾಲಿನಷ್ಟು ತೆಗೆಯಿರಿ.

ಅಗೆಯುವ ಕೆಲಸ ಮಾರ್ಚ್–ಏಪ್ರಿಲ್‌ಗೆ ಇಟ್ಟುಕೊಳ್ಳಿ. ಸಂಪಿಗೆ ಗೀರು ಎಳೆಯೋದು ಇವತ್ತು ರಾತ್ರಿಯೇ ಆಗಲಿ.