ಸೋತು ಊರಿಗೆ ಬಂದೆನಾ?

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ವಿರಾಜಪೇಟೆ ಹತ್ತಿರ ಅಪ್ಪನ ನಾಲ್ಕು ಎಕರೆ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಜೊತೆಯವರೆಲ್ಲ ಮ್ಯಾನೇಜರ್ ಆದರು. ಮದುವೆಮನೆಯಲ್ಲಿ ನೆಂಟರು ‘ಸೋತು ಬಂದ’ ಅಂತಾರೆ. ನಿಜವಾ?

ಉತ್ತರ: ನೆಂಟರಿಗೆ ಸಂಬಳ ಕಾಣುತ್ತದೆ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕಾಣುವುದಿಲ್ಲ. ಮಾರ್ಚ್‌ನಲ್ಲಿ ಅದು ತಪ್ಪಿದರೆ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಎಳೆದಾಡಿ ರೋಬಸ್ಟಾ ಕಾಫಿಯ ಹೂ ಅರಳಿಸಿದವರಿಗೇ ಆ ಕಷ್ಟ ಗೊತ್ತು, ಅಲ್ವಾ?

ನನ್ನಪ್ಪನಿಗೆ ಗೆಲುವು ಅಂದರೆ ಮಿಲಿಟರಿ. ನಮ್ಮ ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕತೆ ದಿನಾ ಹೇಳುತ್ತಿದ್ದರು. ನಾನು ಬ್ಯಾಂಕ್ ಗುಮಾಸ್ತನಾದೆ; ಅಪ್ಪ ಎರಡು ದಿನ ಮಾತೇ ಆಡಲಿಲ್ಲ! ಅಮ್ಮನಿಗೆ ಮಾತ್ರ, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೂ ಮನೆ ಸೋರದಿದ್ದರೆ ಸಾಕಿತ್ತು.

ನೀವು ಲೆಕ್ಕ ಬರೆದಿಡಿ. ಸಾಲ ಏರದೆ ಮನೆ ನಡೆಯುತ್ತಿದ್ದರೆ, ನೆಂಟರಿಗೆ ಸುಮ್ನೆ ಇನ್ನೊಂದು ಲೋಟ ಕಾಫಿ ಕೊಡಿ. ಏರುತ್ತಿದ್ದರೆ ನೆರಳಿನ ಮರಗಳಿಗೆ ಕರಿಮೆಣಸು ಹಬ್ಬಿಸಿ.